ನಾಟಕಕ್ಕೆ 6 ಪೌಂಡ್, ಅದರ ಗೌನಿಗೆ ಇನ್ನೂ ಜಾಸ್ತಿ: ಶೇಕ್ಸ್‌ಪಿಯರ್ ಕಾಲದ ಲಂಡನ್ನಿನ ಬಟ್ಟೆಬರೆ

ದರ್ಜಿಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಟೈಲರ್. ನಾನೂ ಹೊಲಿಗೆ ಮಷಿನ್ ಪಕ್ಕದಲ್ಲೇ ಬೆಳೆದವಳು. ಈಗ ನಮ್ಮೂರಿನ ಹವ್ಯಾಸಿ ತಂಡಕ್ಕೆ ವೇಷಭೂಷಣ ಹೊಲಿದುಕೊಡುತ್ತೇನೆ. ಈ ಸಲ ಇಂಗ್ಲೆಂಡಿನ ರಾಣಿ ಎಲಿಜಬೆತ್ ಕಾಲದ ನಾಟಕ ಎತ್ತಿಕೊಂಡಿದ್ದಾರೆ. ಅದಕ್ಕೆ ಅಂತ ಓದಲು ಕೂತಾಗ ಒಂದು ಲೆಕ್ಕ ಕಣ್ಣಿಗೆ ಬಿತ್ತು.

1603ರಲ್ಲಿ ಥಾಮಸ್ ಹೇವುಡ್ ಅನ್ನುವ ನಾಟಕಕಾರನಿಗೆ ಒಂದು ಹೊಸ ನಾಟಕ ಬರೆದುಕೊಟ್ಟಿದ್ದಕ್ಕೆ 6 ಪೌಂಡ್ ಕೊಟ್ಟರು. ಅದೇ ನಾಟಕದ ನಾಯಕಿಗೆ ಒಂದು ಕಪ್ಪು ಮಖಮಲ್ಲಿನ ಗೌನು ಮಾಡಿಸಿದರು. ಅದಕ್ಕೆ ಆದ ಖರ್ಚು 6 ಪೌಂಡ್ 13 ಷಿಲಿಂಗ್. ಇಡೀ ನಾಟಕಕ್ಕಿಂತ ಅದರೊಳಗಿನ ಒಂದು ಗೌನು ದುಬಾರಿ!

ಎರಡು ದಿನದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಬಟ್ಟೆ ಅಷ್ಟು ತುಟ್ಟಿಯಾಗಿತ್ತಾ, ಇಲ್ಲ ಬರೆಯುವವರಿಗೆ ಬೆಲೆಯೇ ಇರಲಿಲ್ವಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು

ಮೊದಲು ದುಡ್ಡಿನ ಅಳತೆ ಗೊತ್ತಾಗಲಿ. ಆಗ 12 ಪೆನ್ನಿಗೆ 1 ಷಿಲಿಂಗ್, 20 ಷಿಲಿಂಗಿಗೆ 1 ಪೌಂಡ್. ಅಂದರೆ ಪೌಂಡಿಗೆ 240 ಪೆನ್ನಿ. ಲಂಡನ್ನಿನಲ್ಲಿ ಕಸುಬು ಗೊತ್ತಿದ್ದ ಬಡಗಿಗೋ ಗಾರೆಯವನಿಗೋ ದಿನಗೂಲಿ ಒಂದು ಷಿಲಿಂಗ್ ಆಸುಪಾಸು. ನಾಟಕದ ಅಂಗಳದಲ್ಲಿ ನಿಂತು ನೋಡಲು 1 ಪೆನ್ನಿ.

ಈಗ ನೋಡಿ. ಹೇವುಡ್‌ಗೆ ಸಿಕ್ಕಿದ್ದು 1,440 ಪೆನ್ನಿ, ಅಂದರೆ ಒಬ್ಬ ಬಡಗಿಯ ಸುಮಾರು 120 ದಿನದ ಕೂಲಿ. ಗೌನಿನದು 1,596 ಪೆನ್ನಿ. ಬರಹಗಾರನಿಗೆ ತೀರಾ ಕಮ್ಮಿ ಕೊಟ್ಟರು ಅನ್ನಲು ಆಗುವುದಿಲ್ಲ. ಬಟ್ಟೆಯೇ ದುಬಾರಿ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಆ ಕಾಲದ ದೊಡ್ಡ ನಟ ಎಡ್ವರ್ಡ್ ಆಲಿನ್ ಒಂದು ಮೇಲಂಗಿ ಕೊಂಡಿದ್ದ. ಕಪ್ಪು ಮಖಮಲ್ಲು, ತೋಳಿನ ತುಂಬಾ ಬೆಳ್ಳಿ ಬಂಗಾರದ ಕಸೂತಿ. ಬೆಲೆ 20 ಪೌಂಡ್ 10 ಷಿಲಿಂಗ್ 6 ಪೆನ್ನಿ. ಪೆನ್ನಿಯಲ್ಲಿ ಲೆಕ್ಕ ಹಾಕಿದರೆ 4,926. ಒಬ್ಬ ಬಡಗಿ ಊಟ ತಿಂಡಿಗೆ ಒಂದು ಪೆನ್ನಿಯೂ ತೆಗೆಯದೆ ದುಡಿದರೂ ಈ ಮೇಲಂಗಿಗೆ ಸುಮಾರು 410 ದಿನ ಬೇಕು.

ಹಳೇಪೇಪರ್

ದರ್ಜಿಮಗಳು ಅಕ್ಕಾ, ನೀವು ನೋಡಿರುವ ಲೆಕ್ಕ ಫಿಲಿಪ್ ಹೆನ್ಸ್ಲೋ ಬರೆದಿಟ್ಟ ದಫ್ತರದ್ದು. 1587ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 'ರೋಸ್' ಅನ್ನುವ ನಾಟಕಶಾಲೆ ಕಟ್ಟಿದವನು ಇವನೇ. ಶುರುವಿನಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ. ಯಜಮಾನ ತೀರಿಕೊಂಡ ಮೇಲೆ ಅವನ ವಿಧವೆಯನ್ನು ಮದುವೆಯಾದ. ಆಮೇಲೆ ಗಿರವಿ ವ್ಯಾಪಾರವೂ ಮಾಡಿದ. ಜನ ಅವನ ಹತ್ತಿರ ಏನು ಅಡವಿಡುತ್ತಿದ್ದರು ಗೊತ್ತಾ? ಹೆಚ್ಚಾಗಿ ಬಟ್ಟೆಯನ್ನೇ. ಗೌನು, ಮೇಲಂಗಿ, ಲಂಗ, ಹಾಸಿಗೆ ಬಟ್ಟೆ. ಕೈಯಲ್ಲಿ ಕಾಸಿಲ್ಲದಾಗ ನಮ್ಮಲ್ಲಿ ಒಡವೆ ತೆಗೆದುಕೊಂಡು ಹೋಗುತ್ತಾರಲ್ಲ, ಅವರು ಬಟ್ಟೆ ಹೊತ್ತುಕೊಂಡು ಹೋಗುತ್ತಿದ್ದರು.

1598ರಲ್ಲಿ ತಂಡದ ಸಾಮಾನಿನ ಪಟ್ಟಿ ಮಾಡಿದ್ದಾರೆ. ನನಗೆ ತುಂಬಾ ಇಷ್ಟವಾದ ದಾಖಲೆ ಅದು. ಅದರಲ್ಲಿ ಟ್ಯಾಂಬರ್ಲೇನ್ (ಮಾರ್ಲೋ ಬರೆದ ನಾಟಕದ ನಾಯಕ) ಪಾತ್ರದ ಕೆಂಪು ಮಖಮಲ್ಲಿನ ಚಲ್ಲಣ ಇದೆ. ಅದೇ ಪಾತ್ರದ ಕೋಟಿದೆ, ಅದಕ್ಕೆ ತಾಮ್ರದ ಜರಿ. ಒಂದು ಬಂಡೆ, ಒಂದು ಗೋರಿ, ಒಂದು ನರಕದ ಬಾಯಿ ಕೂಡ ಇವೆ. ಅದೇ ದಫ್ತರದಲ್ಲಿ ಇನ್ನೊಂದು ಕಡೆ 'ಕಾಣದಂತೆ ಓಡಾಡುವ ನಿಲುವಂಗಿ' ಕೊಂಡ ಖರ್ಚು ಬರೆದಿದ್ದಾರೆ. ಅದನ್ನು ತೊಟ್ಟ ಪಾತ್ರ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ ಅಂತ ಪ್ರೇಕ್ಷಕರಿಗೆ ಅರ್ಥವಾಗುತ್ತಿತ್ತು.

ಬಣ್ಣದಪೆಟ್ಟಿಗೆ

ಆಹಾ, ಕಾಣದಂತೆ ಓಡಾಡುವ ನಿಲುವಂಗಿ! ನಾನು ಇಪ್ಪತ್ತು ವರ್ಷದಿಂದ ಬಣ್ಣ ಹಚ್ಚುತ್ತಿದ್ದೇನೆ. ಇದನ್ನು ಓದಿ ಮೈ ಜುಂ ಅಂತು. ಬಟ್ಟೆ ತೊಟ್ಟವನು ಎಲ್ಲರಿಗೂ ಕಾಣುತ್ತಿದ್ದಾನೆ. ಆದರೂ ಎಲ್ಲರೂ ಸೇರಿ ಕಾಣುತ್ತಿಲ್ಲ ಅಂತ ಒಪ್ಪಿಕೊಳ್ಳುತ್ತಾರೆ. ಹಗಲು ಬೆಳಕಿನಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಪರದೆ ಇಲ್ಲ, ದೀಪದ ಆಟ ಇಲ್ಲ. ಬಟ್ಟೆ ಒಂದೇ ಎಲ್ಲವನ್ನೂ ಹೇಳಬೇಕಿತ್ತು.

ದರ್ಜಿಮಗಳು

ಹಳೇಪೇಪರ್ ಸರ್, ತಾಮ್ರದ ಜರಿ ಅಂದಿರಲ್ಲ, ಅಲ್ಲೇ ನನಗೆ ಆ ಕಾಲದ ದರ್ಜಿಗಳು ನಮ್ಮವರು ಅನಿಸಿಬಿಟ್ಟರು. ಅಪ್ಪನ ಅಂಗಡಿಯಲ್ಲಿ ಒಂದು ಡಬ್ಬದ ತುಂಬ ಹಳೇ ಸೀರೆಯ ಜರಿ ಅಂಚು ಇರುತ್ತಿತ್ತು. ನಾಟಕದವರು ಬಂದರೆ ಅಪ್ಪ ಒಂದು ತುಂಡನ್ನು ತೋಳಿನ ಮೇಲಿಟ್ಟು, ಹತ್ತು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅಷ್ಟು ದೂರಕ್ಕೆ ಹೊಳೆದರೆ ಸಾಕು. ಹತ್ತಿರ ಬಂದು ಮುಟ್ಟುವವರು ಯಾರೂ ಇಲ್ಲ ಅಲ್ವಾ.

ಆದರೆ ಒಂದು ಸಂದೇಹ. ಜರಿ ತಾಮ್ರದ್ದು ಸರಿ. ಮಖಮಲ್ಲು, ರೇಷ್ಮೆ ಮಾತ್ರ ನಿಜವಾದದ್ದೇ ಇತ್ತಲ್ಲ? ಎಲ್ಲವನ್ನೂ ಹೊಸದಾಗಿ ಹೊಲಿಸಿದರೆ ಯಾವ ತಂಡ ಉಳಿಯುತ್ತಿತ್ತು?

ಥೇಮ್ಸ್ ದಡ

ನಾನು ಲಂಡನ್ನಿನಲ್ಲಿ ಕೆಲಸದಲ್ಲಿದ್ದೇನೆ. ಈ ವಿಷಯದ ಹುಚ್ಚು ನನಗೂ ಇದೆ.

1599ರಲ್ಲಿ ಸ್ವಿಟ್ಜರ್ಲೆಂಡಿನ ಥಾಮಸ್ ಪ್ಲಾಟರ್ ಅನ್ನುವವನು ಲಂಡನ್ನಿಗೆ ಬಂದಿದ್ದ. ನಾಟಕಗಳನ್ನು ನೋಡಿ ವಿವರವಾಗಿ ಬರೆದಿಟ್ಟ. ಒಂದು ಪೆನ್ನಿಗೆ ನಿಂತು ನೋಡಬಹುದು, ಇನ್ನೊಂದು ಪೆನ್ನಿ ಕೊಟ್ಟರೆ ಕೂರಬಹುದು, ಮೂರನೆಯದಕ್ಕೆ ಮೆತ್ತೆ ಹಾಕಿದ ಒಳ್ಳೆಯ ಜಾಗ ಅನ್ನುವುದೆಲ್ಲ ನಮಗೆ ಗೊತ್ತಾಗಿರುವುದು ಅವನಿಂದ. ಬಟ್ಟೆಯ ವಿಷಯವನ್ನೂ ಅವನೇ ಹೇಳುತ್ತಾನೆ. ದೊಡ್ಡ ಮನೆತನದವರು ಸಾಯುವಾಗ ತಮ್ಮ ಒಳ್ಳೆಯ ಬಟ್ಟೆಗಳನ್ನು ಆಳುಗಳಿಗೆ ಬರೆದುಕೊಡುತ್ತಿದ್ದರು. ಆಳುಗಳು ಅದನ್ನು ಹಾಕಿಕೊಂಡು ಬೀದಿಗೆ ಬರುವುದು ಅಂತಸ್ತಿಗೆ ಸಲ್ಲದು. ಹಾಗಾಗಿ ನಟರಿಗೆ ಕಡಿಮೆ ದುಡ್ಡಿಗೆ ಮಾರುತ್ತಿದ್ದರು.

ಅಂದರೆ ರಂಗದ ಮೇಲೆ ಅರ್ಲ್ (ದೊಡ್ಡ ಪದವಿಯ ಪ್ರಭು) ಪಾತ್ರ ಮಾಡುತ್ತಿದ್ದವನ ಮೈಮೇಲೆ ನಿಜವಾದ ಅರ್ಲ್ ಒಬ್ಬನ ಕೋಟೇ ಇರಬಹುದಿತ್ತು.

ಕಾಯಿದೆ ಕಟ್ಟು

ಆಳುಗಳು ಯಾಕೆ ಹಾಕಿಕೊಳ್ಳುವಂತಿರಲಿಲ್ಲ ಅನ್ನುವುದನ್ನು ನಾನು ಸೇರಿಸುತ್ತೇನೆ. ಯಾರು ಯಾವ ಬಟ್ಟೆ ತೊಡಬೇಕು ಅಂತ ಕಾನೂನೇ ಇತ್ತು. 1574ರ ಜೂನ್‌ನಲ್ಲಿ ರಾಣಿ ಹೊರಡಿಸಿದ ಆಜ್ಞೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಪಟ್ಟಿ ಕೊಟ್ಟಿದ್ದಾರೆ. ನೇರಳೆ ಬಣ್ಣದ ರೇಷ್ಮೆ ರಾಣಿಗೆ ಮತ್ತು ಅವಳ ಹತ್ತಿರದ ಬಂಧುಗಳಿಗೆ. ಡ್ಯೂಕ್, ಅರ್ಲ್‌ಗಳಿಗೆ ಅಷ್ಟಿಷ್ಟು ರಿಯಾಯಿತಿ. ಅದರ ಕೆಳಗೆ ಮಖಮಲ್ಲು ಯಾರಿಗೆ, ಸ್ಯಾಟಿನ್ ಯಾರಿಗೆ, ವರ್ಷದ ಆದಾಯ ಎಷ್ಟಿದ್ದರೆ ಯಾವುದು ಅನ್ನುವ ಲೆಕ್ಕ. ಹೊರದೇಶದ ಸಾಮಾನಿಗೆ ದೇಶದ ದುಡ್ಡು ಹರಿದುಹೋಗುತ್ತಿದೆ, ಒಳ್ಳೆಯ ಮನೆತನದ ಹುಡುಗರು ಬಟ್ಟೆಯ ಮೋಹಕ್ಕೆ ಸಾಲ ಮಾಡಿ ಜಮೀನು ಕಳೆದುಕೊಳ್ಳುತ್ತಿದ್ದಾರೆ ಅನ್ನುವುದು ಅವರು ಕೊಟ್ಟ ಕಾರಣ.

1571ರ ಇನ್ನೊಂದು ಕಾನೂನು ಸಾಮಾನ್ಯರಿಗೆ. ಆರು ವರ್ಷ ದಾಟಿದವರೆಲ್ಲ ಭಾನುವಾರ, ಹಬ್ಬದ ದಿನ ಇಂಗ್ಲೆಂಡಿನಲ್ಲೇ ಮಾಡಿದ ಉಣ್ಣೆ ಟೋಪಿ ಹಾಕಬೇಕು. ಇಲ್ಲದಿದ್ದರೆ ದಿನಕ್ಕೆ 3 ಷಿಲಿಂಗ್ 4 ಪೆನ್ನಿ ದಂಡ. ಮೇಲ್ವರ್ಗದವರಿಗೆ ವಿನಾಯಿತಿ. ಟೋಪಿ ಮಾಡುವವರ ಹೊಟ್ಟೆಪಾಡು ಉಳಿಸಲು ತಂದ ಕಾನೂನು ಅದು. 1597ರಲ್ಲಿ ಹಿಂದಕ್ಕೆ ತೆಗೆದುಕೊಂಡರು.

1565ರಲ್ಲಿ ಒಬ್ಬ ಮನೆಯಾಳು ಒಳಗೆ ಅರಳೆ ತುರುಕಿ ಉಬ್ಬಿಸಿದ ದೊಡ್ಡ ಚಲ್ಲಣ ಹಾಕಿಕೊಂಡು ಓಡಾಡಿ ಲಂಡನ್ನಿನಲ್ಲಿ ಸಿಕ್ಕಿಬಿದ್ದ. ಕಾನೂನಿಗೆ ಒಪ್ಪುವ ಬೇರೆ ಚಲ್ಲಣ ಕೊಳ್ಳುವ ತನಕ ಹಿಡಿದಿಡಿ ಅಂದರು. ಅವನ ಚಲ್ಲಣವನ್ನು ಎಲ್ಲರಿಗೂ ಪಾಠವಾಗಲಿ ಅಂತ ಸಾರ್ವಜನಿಕ ಜಾಗದಲ್ಲಿ ನೇತುಹಾಕಲು ಹೇಳಿದರು. ನನಗೆ ಅವನ ಬಗ್ಗೆ ಪಾಪ ಅನಿಸುತ್ತದೆ. ಆಸೆಪಟ್ಟು ಒಂದು ಬಟ್ಟೆ ಹಾಕಿಕೊಂಡಿದ್ದಷ್ಟೇ ಅವನ ತಪ್ಪು.

ಈ ಬಟ್ಟೆ ಕಾನೂನುಗಳೆಲ್ಲ ರದ್ದಾಗಿದ್ದು 1604ರಲ್ಲಿ.

ದರ್ಜಿಮಗಳು

ಹಾಗಾದರೆ ನಟರು? ಅವರು ರಾಜನ ಬಟ್ಟೆ ಹಾಕಿಕೊಂಡರೆ ಹಿಡಿಯುತ್ತಿರಲಿಲ್ವಾ?

ಕಾಯಿದೆ ಕಟ್ಟು

ರಂಗದ ಮೇಲೆ ಹಾಕಿಕೊಂಡರೆ ತಡೆಯುತ್ತಿರಲಿಲ್ಲ. ಆದರೆ ಸಂಕಟಪಟ್ಟವರು ಬೇಕಾದಷ್ಟು ಜನ. ನಾಟಕಗಳನ್ನು ಬೈದು ಬರೆದ ಸ್ಟೀಫನ್ ಗಾಸನ್ 1579ರಲ್ಲೇ ಬರೆದಿದ್ದ, ವಾರದ ಸಂಬಳದ ನಟರು ರೇಷ್ಮೆ ತೊಟ್ಟು ಮರ್ಯಾದಸ್ಥರ ಮೂಗಿನ ಕೆಳಗೇ ಮೆರೆಯುತ್ತಾರೆ ಅಂತ. ಬಟ್ಟೆ ನೋಡಿದ ಕೂಡಲೇ ಇವನು ಯಾರು, ಎಷ್ಟರವನು ಅಂತ ಗೊತ್ತಾಗಬೇಕು ಅನ್ನುವ ಸಮಾಜ ಅದು. ಅಂಥ ಕಡೆ ಒಬ್ಬ ಕೈಗವಸು ಮಾಡುವವನ ಮಗ, ಒಬ್ಬ ಬಡಗಿಯ ಮಗ ಮಧ್ಯಾಹ್ನ ಎರಡು ಗಂಟೆಗೆ ರಾಜರಾಗಿ ನಿಂತರೆ ಹೇಗಿದ್ದೀತು! ನೋಡುವವರಿಗೆ ಕೊನೆಗೆ ಒಂದು ವಿಷಯ ಹೊಳೆಯದೆ ಇರುತ್ತಾ? ಬಟ್ಟೆ ಬದಲಾದರೆ ಮನುಷ್ಯನೂ ಬದಲಾದ ಹಾಗೆ ಕಾಣುತ್ತಾನೆ ಅಂತ.

(ಕೈಗವಸಿನವನ ಮಗ ಶೇಕ್ಸ್‌ಪಿಯರ್. ಬಡಗಿಯ ಮಗ ರಿಚರ್ಡ್ ಬರ್ಬೇಜ್. ಅವನ ಅಪ್ಪ ಜೇಮ್ಸ್ ಬರ್ಬೇಜ್ ಬಡಗಿ ಕೆಲಸ ಕಲಿತವನು. 1576ರಲ್ಲಿ ಶೋರ್‌ಡಿಚ್‌ನಲ್ಲಿ ನಾಟಕಕ್ಕಾಗಿಯೇ ಮನೆ ಕಟ್ಟಿಸಿದ.)

ಮಳೆಬಿಲ್ಲು

ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಒಂದು ಮಾತು. ರಿನೈಸಾನ್ಸ್ ಅಂದರೆ ಹೊಸ ಅರಿವು, ಗ್ರೀಕ್ ಲ್ಯಾಟಿನ್ ಓದು, ಕಾವ್ಯ, ಅಚ್ಚಿನ ಪುಸ್ತಕ. ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್ಸ್ಟರ್‌ನಲ್ಲಿ ಮುದ್ರಣ ಶುರುಮಾಡಿದ್ದರಿಂದ ಎಷ್ಟೆಲ್ಲ ಬದಲಾಯಿತು. ಊರೂರಿನಲ್ಲಿ ಗ್ರಾಮರ್ ಶಾಲೆಗಳು ಬಂದವು. ನಾವು ಇಲ್ಲಿ ಚಲ್ಲಣ, ಟೋಪಿ ಲೆಕ್ಕ ಹಾಕುತ್ತಾ ಕೂತರೆ ಮುಖ್ಯ ವಿಷಯ ಕೈಬಿಟ್ಟ ಹಾಗಲ್ವಾ?

ಹಳೇಪೇಪರ್

ಮಳೆಬಿಲ್ಲು ಅವರೇ, ನಿಮ್ಮ ಪ್ರಶ್ನೆ ಒಳ್ಳೆಯದು. ಆದರೆ ಆ ಪುಸ್ತಕಗಳ ಕಾಗದ ಎಲ್ಲಿಂದ ಬಂತು ಹೇಳಿ?

ಹಳೇ ಬಟ್ಟೆಯಿಂದ. ಆ ಕಾಲದ ಕಾಗದ ಮರದ ತಿರುಳಿನದ್ದಲ್ಲ. ಹರಿದ ನಾರುಬಟ್ಟೆ, ಸವೆದ ಒಳಂಗಿ, ಹಾಸಿಗೆ ಬಟ್ಟೆ, ಇವನ್ನು ಆಯ್ದು ತಂದು, ಕೊಳೆಸಿ, ನೀರಿನ ಗಿರಣಿಯಲ್ಲಿ ಕುಟ್ಟಿ ಮುದ್ದೆ ಮಾಡುತ್ತಿದ್ದರು. ಆ ಮುದ್ದೆಯನ್ನು ನೀರಿನಲ್ಲಿ ಕದಡಿ ತಂತಿಯ ಜರಡಿಯಲ್ಲಿ ಒಂದೊಂದೇ ಹಾಳೆ ಎತ್ತುತ್ತಿದ್ದರು. ಡಾರ್ಟ್‌ಫರ್ಡ್‌ನಲ್ಲಿ 1588ರಲ್ಲಿ ಜಾನ್ ಸ್ಪಿಲ್ಮನ್ ಕಾಗದದ ಗಿರಣಿ ಹಾಕಿದ. ಮರುವರ್ಷ ಕಾಗದಕ್ಕೆ ಬೇಕಾದ ಚಿಂದಿ ಸಂಗ್ರಹಿಸುವ ಏಕಸ್ವಾಮ್ಯವನ್ನೇ ರಾಣಿ ಅವನಿಗೆ ಕೊಟ್ಟಳು. ಆದರೂ ಒಳ್ಳೆಯ ಬಿಳಿ ಕಾಗದ ಬಹುಪಾಲು ಫ್ರಾನ್ಸ್‌ನಿಂದಲೇ ಬರುತ್ತಿತ್ತು. ಇಂಗ್ಲೆಂಡಿನವರು ಉಣ್ಣೆ ತೊಡುವುದು ಜಾಸ್ತಿ. ಉಣ್ಣೆ ಚಿಂದಿಯಿಂದ ಬರೆಯುವ ಕಾಗದ ಆಗುವುದಿಲ್ಲ.

1623ರಲ್ಲಿ ಶೇಕ್ಸ್‌ಪಿಯರ್‌ನ 36 ನಾಟಕಗಳನ್ನು ಒಟ್ಟು ಮಾಡಿ ದೊಡ್ಡ ಪುಸ್ತಕ ತಂದರಲ್ಲ, ಅದರಲ್ಲಿ 18 ನಾಟಕ ಅಲ್ಲಿಯವರೆಗೆ ಅಚ್ಚಾಗಿಯೇ ಇರಲಿಲ್ಲ. ಆ ಪುಸ್ತಕ ಬರದಿದ್ದರೆ ಅವು ಬಹುಶಃ ನಮಗೆ ಸಿಗುತ್ತಲೇ ಇರಲಿಲ್ಲ. ಅದು ಅಚ್ಚಾಗಿದ್ದು ಫ್ರಾನ್ಸಿನವರು ಉಟ್ಟು ಸವೆಸಿದ ನಾರುಬಟ್ಟೆಯ ಕಾಗದದ ಮೇಲೆ. ಹಾಗಾಗಿ ಬಟ್ಟೆ ಬೇರೆ, ಪುಸ್ತಕ ಬೇರೆ ಅಂತ ನನಗೆ ಅನಿಸುವುದೇ ಇಲ್ಲ.

ಮಳೆಬಿಲ್ಲು

ಇದು ಗೊತ್ತಿರಲಿಲ್ಲ ಸರ್. ಮಾತು ವಾಪಸ್ ತೆಗೆದುಕೊಂಡೆ. ಮುಂದುವರಿಸಿ, ನಾನೂ ಓದುತ್ತಿದ್ದೇನೆ.

ಗಂಜಿ ಅಜ್ಜಿ

ಮಕ್ಕಳೇ, ಕತ್ತಿನ ಸುತ್ತ ತಟ್ಟೆಯ ಹಾಗೆ ನಿಂತಿರುವ ಬಿಳಿ ನೆರಿಗೆ ಪಟ್ಟಿ, ಅದೇ 'ರಫ್', ಅದರ ಬಗ್ಗೆ ಯಾರೂ ಹೇಳಲಿಲ್ಲ. ನಾನು ವರ್ಷಗಟ್ಟಲೆ ಹತ್ತಿ ಸೀರೆಗೆ ಗಂಜಿ ಹಾಕಿದವಳು. ಚಿತ್ರದಲ್ಲಿ ಆ ರಫ್ ನೋಡಿದಾಗಲೆಲ್ಲ ನನ್ನ ಕಣ್ಣು ಗಂಜಿಯ ಮೇಲೇ ಹೋಗುತ್ತದೆ.

ಶುರುವಿನಲ್ಲಿ ಇಂಗ್ಲೆಂಡಿನವರಿಗೆ ಈ ಕೆಲಸ ಬರುತ್ತಿರಲಿಲ್ಲವಂತೆ. 1564ರಲ್ಲಿ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆಯ ಒಬ್ಬ ಹೆಂಗಸು, ಡಿಂಗೆನ್ ವಾನ್ ಡೆನ್ ಪ್ಲಾಸ್, ಗಂಡನ ಜೊತೆ ಲಂಡನ್ನಿಗೆ ಬಂದಳು. ಗಂಜಿ ಹಾಕುವುದನ್ನೇ ಕಸುಬು ಮಾಡಿಕೊಂಡಳು. ದೊಡ್ಡ ಮನೆಯವರು ತಮ್ಮ ಹೆಣ್ಣುಮಕ್ಕಳನ್ನು, ಬಂಧುಗಳನ್ನು ಅವಳ ಹತ್ತಿರ ಕಲಿಯಲು ಕಳಿಸಿದರು. ಗಂಜಿ ಹಾಕುವ ಪಾಠಕ್ಕೆ 4-5 ಪೌಂಡ್. ಗಂಜಿ ಕುದಿಸಿ ತಯಾರಿಸುವುದನ್ನು ಹೇಳಿಕೊಡಲು ಇನ್ನೂ 20 ಷಿಲಿಂಗ್. ಹೇವುಡ್ ನಾಟಕಕ್ಕೆ 6 ಪೌಂಡ್ ಅಂದಿರಿ. ಈ ತಾಯಿ ಒಬ್ಬ ಶಿಷ್ಯೆಗೆ ಹೆಚ್ಚುಕಡಿಮೆ ಅಷ್ಟೇ ತೆಗೆದುಕೊಂಡಿದ್ದಾಳೆ ನೋಡಿ.

ಕೆಲಸ ಸಣ್ಣದಲ್ಲ. ನಯವಾದ ನಾರುಬಟ್ಟೆಯ ಉದ್ದನೆ ಪಟ್ಟಿ ತಗೊಂಡು ಗಂಜಿಯಲ್ಲಿ ಅದ್ದಿ, ಹದವಾಗಿ ಹಿಂಡಿ, ಒಣಗಿಸಬೇಕು. ಆಮೇಲೆ ಕಾಸಿದ ಉಕ್ಕಿನ ಕಡ್ಡಿ ತೂರಿಸಿ ಒಂದೊಂದು ಮಡಿಕೆಯನ್ನೂ ಗುಂಡಗೆ ಎಬ್ಬಿಸಬೇಕು. ಕಡ್ಡಿ ಜಾಸ್ತಿ ಕಾದರೆ ಬಟ್ಟೆ ಕಂದುತ್ತದೆ, ಕಮ್ಮಿಯಾದರೆ ಮಡಿಕೆ ನಿಲ್ಲುವುದಿಲ್ಲ. ಮಳೆ ಬಂದರೆ ಅಷ್ಟೂ ಕೆಲಸ ನೀರುಪಾಲು, ರಫ್ ಒದ್ದೆ ಚಿಂದಿಯಾಗಿ ಭುಜದ ಮೇಲೆ ಬೀಳುತ್ತದೆ. ಆ ದೇಶದಲ್ಲಿ ಮಳೆ ಬಾರದ ವಾರ ಯಾವುದು?

ಒಂದು ವಿಷಯ ಮಾತ್ರ ನನಗೆ ಸಂಕಟ ಕೊಡುತ್ತದೆ. ಆ ಗಂಜಿ ಗೋಧಿಯದ್ದು. 1594ರಿಂದ 1597ರವರೆಗೆ ಅಲ್ಲಿ ಬೆಳೆ ಮೇಲಿಂದ ಮೇಲೆ ಕೈಕೊಟ್ಟಿತು. ಜನ ರೊಟ್ಟಿಗೆ ಪರದಾಡಿದರು. ತಿನ್ನುವ ಗೋಧಿಯನ್ನು ಗಂಜಿ ಮಾಡಬೇಡಿ ಅಂತ ಸರ್ಕಾರವೇ ತಡೆಯಲು ಹೊರಟಿತು. ಒಬ್ಬರ ಕತ್ತಿನ ಸುತ್ತ ಇನ್ನೊಬ್ಬರ ಅನ್ನ ನಿಂತಿತ್ತು ಅನ್ನಿ.

ನೀರುಗಂಟಿ

ಅಜ್ಜಿ, ತುಂಬಾ ಚೆನ್ನಾಗಿ ಹೇಳಿದಿರಿ. ಮಖಮಲ್ಲು, ಕಸೂತಿ ಬಟ್ಟೆಗಳನ್ನು ಒಗೆಯುತ್ತಿದ್ದರಾ?

ಗಂಜಿ ಅಜ್ಜಿ

ಇಲ್ಲಪ್ಪ. ಮೇಲಿನ ಬಟ್ಟೆಯನ್ನು ನೀರಿಗೆ ಹಾಕುತ್ತಿರಲಿಲ್ಲ. ಬ್ರಷ್ ಹಾಕಿ ಉಜ್ಜುವುದು, ಗಾಳಿಗೆ ಹರಡುವುದು, ಅಷ್ಟೇ. ಮೈಗೆ ತಾಗುವುದು ಒಳಗಿನ ನಾರುಬಟ್ಟೆಯ ಅಂಗಿ. ಬೆವರು, ಕೊಳೆ ಎಲ್ಲ ಅದಕ್ಕೆ. ಅದನ್ನು ಸೌದೆ ಬೂದಿಯ ನೀರಿನಲ್ಲಿ ನೆನೆಸಿ ಒಗೆದು, ಹುಲ್ಲಿನ ಮೇಲೆ ಬಿಸಿಲಿಗೆ ಹಾಕಿ ಬೆಳ್ಳಗೆ ಮಾಡುತ್ತಿದ್ದರು. ಕತ್ತಿನಲ್ಲಿ, ಮುಂಗೈಯಲ್ಲಿ ಬಿಳಿ ಅಂಚು ಕಾಣುವ ಹಾಗೆ ಬಿಡುತ್ತಿದ್ದರಲ್ಲ, ಅದು 'ನನ್ನ ಒಳಬಟ್ಟೆ ಶುಭ್ರವಾಗಿದೆ' ಅಂತ ತೋರಿಸಿಕೊಳ್ಳುವ ರೀತಿ.

ಬಣ್ಣದಪೆಟ್ಟಿಗೆ

ಹೆಣ್ಣು ಪಾತ್ರದ ಬಗ್ಗೆ ಒಂದು ಮಾತು. ಆ 6 ಪೌಂಡ್ 13 ಷಿಲಿಂಗ್ ಗೌನು ತೊಟ್ಟವನು ಒಬ್ಬ ಹುಡುಗ. ಗಂಟಲು ಒಡೆಯದ ಹುಡುಗರನ್ನು ಅಪ್ರೆಂಟಿಸ್ ಆಗಿ ಸೇರಿಸಿಕೊಂಡು ಹಿರಿಯ ನಟರೇ ಮನೆಯಲ್ಲಿಟ್ಟು ಕಲಿಸುತ್ತಿದ್ದರು. ಇಂಗ್ಲೆಂಡಿನ ಸಾರ್ವಜನಿಕ ರಂಗದ ಮೇಲೆ ಹೆಂಗಸರು ವೃತ್ತಿನಟಿಯರಾಗಿ ಬಂದಿದ್ದು 1660ರಲ್ಲಿ.

ಆದರೆ 1611ರಲ್ಲಿ ಮೇರಿ ಫ್ರಿತ್ ಅನ್ನುವ ಹೆಂಗಸು ಗಂಡಸರ ಬಟ್ಟೆ ಹಾಕಿಕೊಂಡು, ಸೊಂಟಕ್ಕೆ ಕತ್ತಿ ಕಟ್ಟಿಕೊಂಡು, ಫಾರ್ಚೂನ್ ನಾಟಕಶಾಲೆಯ ರಂಗದ ಮೇಲೆ ಕೂತು ಲ್ಯೂಟ್ ಅನ್ನುವ ತಂತಿವಾದ್ಯ ನುಡಿಸಿ ಹಾಡಿದಳು. ಮರುವರ್ಷ ಸೇಂಟ್ ಪಾಲ್ಸ್ ಚರ್ಚಿನ ಅಂಗಳದಲ್ಲಿ ಜನರ ಮುಂದೆ ಪ್ರಾಯಶ್ಚಿತ್ತ ಮಾಡಿಸಿದರು. ಹುಡುಗ ಗೌನು ತೊಟ್ಟರೆ ಚಪ್ಪಾಳೆ. ಹೆಂಗಸು ಚಲ್ಲಣ ತೊಟ್ಟರೆ ಶಿಕ್ಷೆ. ಇದನ್ನು ಓದಿದಾಗ ನನಗೆ ನಿಜವಾಗಲೂ ಸಿಟ್ಟು ಬಂತು.

ಥೇಮ್ಸ್ ದಡ

ಈ ಬಟ್ಟೆಗಳಲ್ಲಿ ಇವತ್ತಿಗೆ ಉಳಿದಿರುವುದು ಬಹಳ ಕಮ್ಮಿ. ಯಾಕೆ ಅಂದರೆ ಹೊಲಿಗೆ ಬಿಚ್ಚಿ ಮತ್ತೆ ಮತ್ತೆ ಬಳಸುತ್ತಿದ್ದರು. ಗೌನು ಲಂಗವಾಗುತ್ತದೆ, ಲಂಗ ದಿಂಬಿನ ಚೀಲವಾಗುತ್ತದೆ, ಕೊನೆಗೆ ಮಗುವಿನ ಟೋಪಿ.

ನಾನು ಕಣ್ಣಾರೆ ನೋಡಿದ ಒಂದನ್ನು ಹೇಳುತ್ತೇನೆ. ವೇಲ್ಸ್ ಗಡಿಯ ಹತ್ತಿರ ಬ್ಯಾಕ್ಟನ್ ಅನ್ನುವ ಹಳ್ಳಿ. ಅಲ್ಲಿಯ ಚರ್ಚಿನಲ್ಲಿ ಒಂದು ಹಳೇ ಬಟ್ಟೆಯನ್ನು ನೂರಾರು ವರ್ಷ ಪೂಜೆಯ ಮೇಜಿಗೆ ಹೊದಿಸುತ್ತಿದ್ದರು. ತಜ್ಞರು ನೋಡಿದಾಗ ಅದು ರಾಣಿ ಎಲಿಜಬೆತ್ ತೊಟ್ಟ ಉಡುಪಿನ ತುಂಡು ಅನ್ನುವ ತೀರ್ಮಾನಕ್ಕೆ ಬಂದರು. ರಾಣಿಯ ಸೇವೆಯಲ್ಲಿ ಬಹಳ ಕಾಲ ಇದ್ದ ಬ್ಲಾಂಚ್ ಪ್ಯಾರಿ ಆ ಊರಿನವಳು. 2019ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಬೆಳ್ಳಿ ಎಳೆ ಸೇರಿಸಿ ನೇಯ್ದ ರೇಷ್ಮೆ. ಮೇಲೆ ಹೂವು, ಬಳ್ಳಿ, ಸಣ್ಣ ಸಣ್ಣ ಪ್ರಾಣಿಗಳ ಕಸೂತಿ. ಗಾಜಿನ ಹತ್ತಿರ ಬಗ್ಗಿ ನೋಡಿದರೆ, ಉಡುಪಾಗಿ ಕತ್ತರಿಸಿದ್ದ ಬಟ್ಟೆಯನ್ನು ತುಂಡು ತುಂಡಾಗಿ ಕೂಡಿಸಿದ್ದು ಗೊತ್ತಾಗುತ್ತಿತ್ತು. ಒಂದು ಕಡೆ ಹೊಲಿಗೆ ಸೇರುವ ಜಾಗದಲ್ಲಿ ಹೂವಿನ ಅರ್ಧ ಮಾತ್ರ ಉಳಿದಿತ್ತು. ಇನ್ನರ್ಧ ಎಲ್ಲಿ ಹೋಯಿತೋ ಅಂತ ತುಂಬಾ ಹೊತ್ತು ನಿಂತಿದ್ದೆ.

ದರ್ಜಿಮಗಳು

ಆ ಅರ್ಧ ಹೂವಿನ ಮಾತು ಓದಿ ಕಣ್ಣು ತುಂಬಿ ಬಂತು. ಕತ್ತರಿ ಹಾಕುವಾಗ ಕಸೂತಿಯ ಮೇಲೆ ಹಾಯಿಸಬೇಕಾಗಿ ಬಂದರೆ ಇವತ್ತಿಗೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಲೆಕ್ಕದ ಮೇಷ್ಟ್ರು

ಹಳೇ ಬಟ್ಟೆ ಕೈಯಿಂದ ಕೈಗೆ ಹೋಗುವುದಕ್ಕೆ ಇನ್ನೊಂದು ಮುಖ ಇದೆ. ಪ್ಲೇಗು. ರೋಗ ಬಂದಾಗ ಹಳೇ ಬಟ್ಟೆ, ಹಾಸಿಗೆ ಮಾರುವುದನ್ನು ನಿಲ್ಲಿಸುತ್ತಿದ್ದರು. ಸತ್ತವರ ಬಟ್ಟೆ ಸುಡಲು ಹೇಳುತ್ತಿದ್ದರು. ನಾಟಕಶಾಲೆಗಳಿಗೂ ಬೀಗ. 1603ರಲ್ಲಿ ಲಂಡನ್ನಿನಲ್ಲಿ ಸುಮಾರು 30,000 ಜನ ಸತ್ತರು.

ಹಳೇಪೇಪರ್

ಮೇಷ್ಟ್ರೇ, ಪ್ಲೇಗಿನ ಮಾತು ಬಂದದ್ದಕ್ಕೆ ಒಂದು ಪತ್ರದ ಬಗ್ಗೆ ಹೇಳಲೇಬೇಕು.

1593ರ ಬೇಸಿಗೆ. ಲಂಡನ್ನಿನಲ್ಲಿ ಪ್ಲೇಗು. ನಾಟಕ ಬಂದ್ ಆಗಿ ಎಡ್ವರ್ಡ್ ಆಲಿನ್, ಅದೇ 20 ಪೌಂಡ್ ಮೇಲಂಗಿಯವನು, ತಂಡದ ಜೊತೆ ಊರೂರು ತಿರುಗುತ್ತಿದ್ದ. ಬ್ರಿಸ್ಟಲ್‌ನಿಂದ ಹೆಂಡತಿ ಜೋನ್‌ಗೆ ಪತ್ರ ಬರೆದ. ಮದುವೆಯಾಗಿ ಇನ್ನೂ ವರ್ಷವೂ ತುಂಬಿರಲಿಲ್ಲ. ಅವಳನ್ನು 'ಇಲಿಮರಿ' ಅಂತ ಮುದ್ದಿನಿಂದ ಕರೆಯುತ್ತಾನೆ. ಮನೆ ಚೊಕ್ಕಟವಾಗಿಟ್ಟುಕೋ, ದಿನಾ ಸಾಯಂಕಾಲ ಬಾಗಿಲ ಮುಂದೆ, ಹಿತ್ತಲಲ್ಲಿ ನೀರು ಹಾಕು, ಕಿಟಕಿಯಲ್ಲಿ ನಾಗದಾಳಿ ಸೊಪ್ಪು ಇಡು ಅನ್ನುತ್ತಾನೆ. ಆಮೇಲೆ ಕೊಂಚ ಕೆಳಗೆ, ನನ್ನ ಕಿತ್ತಳೆ ಬಣ್ಣದ ಉಣ್ಣೆ ಕಾಲುಚೀಲಕ್ಕೆ ಒಳ್ಳೆಯ ಕಪ್ಪು ಬಣ್ಣ ಹಾಕಿಸಿಡು, ಚಳಿಗಾಲಕ್ಕೆ ಬಂದಾಗ ಹಾಕಿಕೊಳ್ಳುತ್ತೇನೆ ಅಂತ ಬರೆಯುತ್ತಾನೆ.

ಜೋನ್ ಯಾರ ಮಗಳು ಗೊತ್ತಾ? ಮೊದಲು ಹೇಳಿದೆನಲ್ಲ, ಹೆನ್ಸ್ಲೋ ಕೆಲಸ ಕಲಿಯುತ್ತಿದ್ದ ಆ ಬಣ್ಣಗಾರನ ಮಗಳು. ಹೆನ್ಸ್ಲೋಗೆ ಮಲಮಗಳು. ಬಣ್ಣ ಹಾಕುವವರ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಗಂಡ ಕಾಲುಚೀಲದ ಬಣ್ಣದ ಮಾತು ಬರೆದಿದ್ದಾನೆ. ಅದೇ ತಿಂಗಳುಗಳಲ್ಲಿ ಹೆನ್ಸ್ಲೋ ಬರೆದ ಪತ್ರದಲ್ಲಿ, ಶೋರ್‌ಡಿಚ್‌ನ ಒಬ್ಬ ನಟನ ಹೆಂಡತಿ, ಮಕ್ಕಳು, ಮನೆಯವರೆಲ್ಲ ಸತ್ತರು ಅಂತ ಸುದ್ದಿ ಇದೆ. ಸುತ್ತ ಸಾವು ಇರುವಾಗ ಚಳಿಗಾಲಕ್ಕೆ ಮನೆಗೆ ಬರುತ್ತೇನೆ ಅನ್ನುವ ನಂಬಿಕೆಯನ್ನು ಅವನು ಕಾಲುಚೀಲದ ಮಾತಿನಲ್ಲಿ ಇಟ್ಟಿದ್ದಾನೆ ಅಂತ ನನಗೆ ಅನಿಸುತ್ತದೆ.

ಅವನು ಬಂದ. ಜೋನ್ ಕೂಡ ಉಳಿದಳು. ಮುಂದೆ 1619ರಲ್ಲಿ ಡಲ್ವಿಚ್‌ನಲ್ಲಿ ಬಡ ಮಕ್ಕಳಿಗೆ, ಮುದುಕರಿಗೆ ಆಲಿನ್ ಸಂಸ್ಥೆ ಕಟ್ಟಿದ. ಹೆನ್ಸ್ಲೋ ದಫ್ತರ, ಈ ಪತ್ರಗಳು ಎಲ್ಲ ಅಲ್ಲೇ ಉಳಿದುಕೊಂಡವು.

ಕುಂದಾನಗರಿ

ನಮ್ಮ ಬೆಳಗಾವಿಯ ಒಂದು ಎಳೆ ಇದರಲ್ಲಿದೆ. ಹೇಳಲೇ?

1583ರ ಫೆಬ್ರವರಿಯಲ್ಲಿ ರಾಲ್ಫ್ ಫಿಚ್ ಅನ್ನುವ ಲಂಡನ್ ವ್ಯಾಪಾರಿ 'ಟೈಗರ್' ಹಡಗಿನಲ್ಲಿ ಸಿರಿಯಾ ಕಡೆ ಹೊರಟ. ಜೊತೆಗೆ ಜಾನ್ ನ್ಯೂಬೆರಿ, ರತ್ನ ಪರೀಕ್ಷೆ ಗೊತ್ತಿದ್ದ ವಿಲಿಯಂ ಲೀಡ್ಸ್, ಚಿತ್ರಗಾರ ಜೇಮ್ಸ್ ಸ್ಟೋರಿ. ಅಲೆಪ್ಪೊ, ಬಾಗ್ದಾದ್ ದಾಟಿ ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ಗೆ ಬಂದಾಗ ಪೋರ್ಚುಗೀಸರು ಹಿಡಿದು ಗೋವಾಕ್ಕೆ ತಂದು ಸೆರೆಯಲ್ಲಿಟ್ಟರು. ಗೋವಾದಲ್ಲಿದ್ದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಸಹಾಯ ಮಾಡಿದ. ಜಾಮೀನಿನ ಮೇಲೆ ಹೊರಗೆ ಬಂದರು. ಸ್ಟೋರಿ ಗೋವಾದಲ್ಲೇ ಉಳಿದ. ಉಳಿದ ಮೂವರು 1584ರ ಏಪ್ರಿಲ್‌ನಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಮೊದಲು ಬಂದು ಸೇರಿದ ಊರು ಬೆಳಗಾವಿ. ಅಲ್ಲಿ ವಜ್ರ, ಮಾಣಿಕ್ಯ, ನೀಲಮಣಿಗಳ ಸಂತೆ ನಡೆಯುತ್ತದೆ ಅಂತ ಫಿಚ್ ಬರೆದಿದ್ದಾನೆ. ಅಲ್ಲಿಂದ ವಿಜಯಪುರ. ಆಗ ಅಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ಆಳ್ವಿಕೆ. ಆನೆಗಳನ್ನು, ಬಂಗಾರ ಬೆಳ್ಳಿಯ ಸಂಪತ್ತನ್ನು ನೋಡಿ ಬೆರಗಾಗಿದ್ದಾನೆ.

ಫಿಚ್ ಮನೆ ಸೇರಿದ್ದು 1591ರಲ್ಲಿ. ಅಷ್ಟು ಹೊತ್ತಿಗೆ ಸತ್ತೇ ಹೋದ ಅಂದುಕೊಂಡು ಮನೆಯವರು ಆಸ್ತಿ ಹಂಚಿಕೊಂಡಾಗಿತ್ತು. ಮರುವರ್ಷವೇ, 1592ರಲ್ಲಿ, ಇಂಗ್ಲಿಷರು 'ಮಾದ್ರೆ ದೆ ದೇವುಸ್' ಅನ್ನುವ ದೊಡ್ಡ ಪೋರ್ಚುಗೀಸ್ ಹಡಗು ಹಿಡಿದು ಡಾರ್ಟ್‌ಮತ್ ಬಂದರಿಗೆ ತಂದರು. ಅದರ ತುಂಬ ನಮ್ಮ ಕಡೆಯ ಸರಕು, ಮೆಣಸು, ಲವಂಗ, ರೇಷ್ಮೆ, ಹತ್ತಿಬಟ್ಟೆ. ಕಲ್ಲಿಕೋಟೆಯ ಹೆಸರಿನಿಂದ 'ಕ್ಯಾಲಿಕೊ' ಅಂತ ಕರೆಯುತ್ತಿದ್ದರಲ್ಲ, ಅದೇ ಬಟ್ಟೆ. ಉಣ್ಣೆಯ ದೇಶದವರು ಹತ್ತಿಯನ್ನು ರಾಶಿ ರಾಶಿಯಾಗಿ ಕಂಡರು. 1600ರ ಡಿಸೆಂಬರ್ 31ಕ್ಕೆ ಈಸ್ಟ್ ಇಂಡಿಯಾ ಕಂಪನಿಗೆ ರಾಣಿಯ ಸನ್ನದು ಸಿಕ್ಕಿತು. ಮುಂದೆ ಏನಾಯಿತು ಅಂತ ನಮಗೆಲ್ಲ ಗೊತ್ತೇ ಇದೆ.

ಮಳೆಬಿಲ್ಲು

ಕುಂದಾನಗರಿ ಸರ್, ಮ್ಯಾಕ್‌ಬೆತ್‌ನಲ್ಲಿ ಮಾಟಗಾತಿ ಒಬ್ಬಳು 'ಟೈಗರ್' ಹಡಗಿನಲ್ಲಿ ಅಲೆಪ್ಪೊಗೆ ಹೋದ ನಾವಿಕನ ಮಾತು ಎತ್ತುತ್ತಾಳೆ. ಕಾಲೇಜಿನಲ್ಲಿ ಓದುವಾಗ ಅದು ಸುಮ್ನೆ ಒಂದು ಹೆಸರು ಅಂದುಕೊಂಡಿದ್ದೆ. ನಮ್ಮ ಬೆಳಗಾವಿಗೆ ಬಂದವರು ಹತ್ತಿದ್ದ ಹಡಗಿಗೂ ಅದೇ ಹೆಸರು, ಅದೇ ದಾರಿ!

ಕಾಯಿದೆ ಕಟ್ಟು

ನಟರ ಅಂತಸ್ತಿನ ಬಗ್ಗೆ ಇನ್ನೊಂದು ಹೇಳುವುದಿತ್ತು. 1572ರ ಕಾನೂನಿನ ಪ್ರಕಾರ ದೊಡ್ಡವರ ಆಶ್ರಯ ಇಲ್ಲದ ನಟರು ಅಲೆಮಾರಿ ಪುಂಡರಿಗೆ ಸಮ. ಅದಕ್ಕೇ ಪ್ರತಿ ತಂಡವೂ ಒಬ್ಬ ಪ್ರಭುವಿನ ಸೇವಕರು ಅಂತ ಹೆಸರಿಟ್ಟುಕೊಂಡು ಅವನ ಮನೆಯ ಸಮವಸ್ತ್ರ ತೊಡುತ್ತಿತ್ತು. 1603ರಲ್ಲಿ ಜೇಮ್ಸ್ ಪಟ್ಟಕ್ಕೆ ಬಂದಾಗ ಶೇಕ್ಸ್‌ಪಿಯರ್ ತಂಡ ರಾಜನದೇ ತಂಡವಾಯಿತು. 1604ರ ಮಾರ್ಚ್‌ನಲ್ಲಿ ರಾಜನ ಮೆರವಣಿಗೆಗಾಗಿ ಒಬ್ಬೊಬ್ಬ ನಟನಿಗೂ ನಾಲ್ಕೂವರೆ ಗಜ ಕೆಂಪು ಬಟ್ಟೆ ಕೊಟ್ಟ ಲೆಕ್ಕ ಅರಮನೆ ಉಗ್ರಾಣದಲ್ಲಿದೆ. ಆ ಪಟ್ಟಿಯಲ್ಲಿ ಮೊದಲ ಹೆಸರು ವಿಲಿಯಂ ಶೇಕ್ಸ್‌ಪಿಯರ್.

ಆ ಹೊತ್ತಿನಲ್ಲಿ ಅವನು ಬಾಡಿಗೆಗೆ ಇದ್ದಿದ್ದು ಸಿಲ್ವರ್ ಸ್ಟ್ರೀಟಿನಲ್ಲಿ, ಮೌಂಟ್‌ಜಾಯ್ ಅನ್ನುವ ಫ್ರೆಂಚ್ ಕುಟುಂಬದ ಮನೆಯಲ್ಲಿ. ಅವರ ಕಸುಬು ಹೆಂಗಸರ ತಲೆಯ ಅಲಂಕಾರ ಮಾಡುವುದು. ಬಂಗಾರದ ಎಳೆ, ರೇಷ್ಮೆ, ಮುತ್ತು ಸೇರಿಸಿ ಹೆಣೆಯುವ ಕೆಲಸ.

ದರ್ಜಿಮಗಳು

ನಾಲ್ಕೂವರೆ ಗಜದಲ್ಲಿ ಒಂದು ಒಳ್ಳೆಯ ಮೇಲಂಗಿ ಆಗುತ್ತದೆ. ಉಣ್ಣೆ ಬಟ್ಟೆಯ ಅಗಲ ಚೆನ್ನಾಗಿದ್ದರೆ ಚಲ್ಲಣಕ್ಕೂ ಬಂದೀತು.

ಅವನ ಸ್ವಂತ ಬಟ್ಟೆಗಳು ಏನಾದವು? ಯಾರಿಗಾದರೂ ಗೊತ್ತಾ?

ಹಳೇಪೇಪರ್

ಗೊತ್ತಿದೆ ಅಕ್ಕಾ. 1616ರ ಮಾರ್ಚ್ 25ರ ಉಯಿಲಿನಲ್ಲಿದೆ. ಎರಡನೇ ದರ್ಜೆಯ ಮಂಚ ಹೆಂಡತಿಗೆ ಅನ್ನುವುದನ್ನು ಎಲ್ಲರೂ ಎತ್ತಿ ಆಡುತ್ತಾರೆ. ಬಟ್ಟೆಯ ಸಾಲನ್ನು ಯಾರೂ ಓದುವುದಿಲ್ಲ. ತಾನು ತೊಡುವ ಬಟ್ಟೆಯನ್ನೆಲ್ಲ ತಂಗಿ ಜೋನ್‌ಗೆ ಬರೆದಿದ್ದಾನೆ. ಜೊತೆಗೆ 20 ಪೌಂಡ್. ಸ್ಟ್ರಾಟ್‌ಫರ್ಡ್‌ನ ಹೆನ್ಲಿ ಸ್ಟ್ರೀಟಿನ ಹಳೇ ಮನೆಯಲ್ಲಿ ಅವಳು ಜೀವ ಇರುವ ತನಕ ಇರಬಹುದು, ವರ್ಷಕ್ಕೆ 12 ಪೆನ್ನಿ ಬಾಡಿಗೆ. ಅವಳ ಮೂವರು ಗಂಡುಮಕ್ಕಳಿಗೆ ತಲಾ 5 ಪೌಂಡ್. ಮೂರನೆಯ ಹುಡುಗನ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ.

ಜೋನ್‌ಳ ಗಂಡ ವಿಲಿಯಂ ಹಾರ್ಟ್ ಟೋಪಿ ಮಾಡುವವನು. ಏಪ್ರಿಲ್ 17ರಂದು ಅವನನ್ನು ಮಣ್ಣು ಮಾಡಿದರು. ಆರು ದಿನ ಬಿಟ್ಟು, 23ಕ್ಕೆ ಅಣ್ಣ ತೀರಿಕೊಂಡ.

ದರ್ಜಿಮಗಳು

ಮೂವರು ಗಂಡುಮಕ್ಕಳು ಅಂದಿರಲ್ಲ ಸರ್. ಹಾಗಾದರೆ ಆ ಬಟ್ಟೆಗಳನ್ನು ಅವಳು ಬಿಚ್ಚಿ ಹೊಲಿದಿರುತ್ತಾಳೆ. ಭುಜ ಒಳಗೆ ಹಿಡಿದು, ತೋಳಿನ ಉದ್ದ ಕಡಿಮೆ ಮಾಡಿ, ಮುಂದೆ ಬೆಳೆದರೆ ಬಿಡಿಸಲು ಆಗುವ ಹಾಗೆ ಒಳಗೆ ಎರಡು ಬೆರಳು ಬಟ್ಟೆ ಮಡಚಿ. ನಮ್ಮ ಅಪ್ಪ ಹೋದ ವರ್ಷ ಅಮ್ಮ ನನ್ನ ತಮ್ಮನಿಗೆ ಅಪ್ಪನ ಶರ್ಟುಗಳನ್ನು ಹಾಗೇ ಮಾಡಿಕೊಟ್ಟರು.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆ ಕಪ್ಪು ಮಖಮಲ್ಲು ತರಲು ಪೇಟೆಗೆ ಹೋಗುತ್ತಿದ್ದೇನೆ. ಗೌನು ಹೊಲಿದಾದ ಮೇಲೆ ಫೋಟೋ ಇಲ್ಲೇ ಹಾಕುತ್ತೇನೆ. ಗಂಜಿ ಅಜ್ಜಿ, ರಫ್‌ಗೆ ಮೈದಾ ಗಂಜಿ ಹಾಕಲಾ, ಸಬ್ಬಕ್ಕಿಯದ್ದಾ?

ಗಂಜಿ ಅಜ್ಜಿ

ಸಬ್ಬಕ್ಕಿಯದ್ದು ಹಾಕು ಮಗಳೇ, ತೆಳ್ಳಗೆ ಕಾಸಿ ಸೋಸಿಕೋ. ಎರಡು ಸಲ ಅದ್ದು. ಮೊದಲನೇ ಸಲದ್ದು ಪೂರ್ತಿ ಒಣಗುವ ತನಕ ಎರಡನೆಯದಕ್ಕೆ ಕೈ ಹಾಕಬೇಡ.